ಕಂಪ್ಯೂಟರಿಗೆ ನಂಬರ್ ಕೊಡುವವರು ಯಾರು?

ಪಿಂಚಣಿ ಅರ್ಜಿ ಹಾಕಲು ಕಂಪ್ಯೂಟರ್ ಕೇಂದ್ರಕ್ಕೆ ಹೋಗುತ್ತೀರಿ. "ನೆಟ್ ಇಲ್ಲ, ನಾಳೆ ಬನ್ನಿ" ಅನ್ನುತ್ತಾರೆ. ಒಂದು ದಿನದ ಕೂಲಿ ಹೋಯಿತು. ನೆಟ್ ಇಲ್ಲ ಅಂದರೆ ತಂತಿ ಕಡಿದಿದೆ ಎಂದೇ ಅಲ್ಲ. ಕೆಲವು ಸಲ ತಂತಿ ಸರಿಯಾಗಿಯೇ ಇರುತ್ತದೆ. ಕಂಪ್ಯೂಟರಿಗೆ ವಿಳಾಸ ಸಿಕ್ಕಿರುವುದಿಲ್ಲ.

ಕಂಪ್ಯೂಟರಿಗೂ ವಿಳಾಸ ಉಂಟೇ? ಉಂಟು. ವಿಳಾಸವಿಲ್ಲದ ಕಾಗದವನ್ನು ಅಂಚೆಯಣ್ಣ ಯಾರಿಗೆ ಕೊಟ್ಟಾನು? ಇಲ್ಲೂ ಹಾಗೆಯೇ. 192.168.1.25 ಎಂಬಂಥ ನಂಬರೇ ಅದರ ವಿಳಾಸ. ಒಂದು ಕೇಂದ್ರದಲ್ಲಿ ಎರಡು ಕಂಪ್ಯೂಟರಿಗೆ ಒಂದೇ ನಂಬರ್ ಇರಬಾರದು.

ಹಿಂದೆ ಹೆಚ್ಚಿನ ಕಡೆ ಒಬ್ಬರು ಕೂತು ಪ್ರತಿ ಕಂಪ್ಯೂಟರಿಗೂ ನಂಬರ್ ಬರೆಯಬೇಕಿತ್ತು. ತಪ್ಪುಗಳೂ ಆಗುತ್ತಿದ್ದವು. 1993ರಲ್ಲಿ ಡಿ.ಎಚ್.ಸಿ.ಪಿ. ಎಂಬ ಪದ್ಧತಿ ಬಂತು. ನೆಟ್ ಹಂಚುವ ಸಣ್ಣ ಪೆಟ್ಟಿಗೆ ಇದೆಯಲ್ಲ, ರೂಟರ್, ಚಿಕ್ಕ ಕೇಂದ್ರಗಳಲ್ಲಿ ಅದೇ ಈ ಕೆಲಸ ಮಾಡುತ್ತದೆ.

ಸ್ವಿಚ್ ಹಾಕಿದಾಗ ಕಂಪ್ಯೂಟರಿಗೆ ಯಾರ ಗುರುತೂ ಇಲ್ಲ. ಆದ್ದರಿಂದ ಎಲ್ಲರಿಗೂ ಕೇಳುವಂತೆ ಕೂಗುತ್ತದೆ: "ನಂಬರ್ ಕೊಡುವವರು ಯಾರಾದರೂ ಇದ್ದೀರಾ?"

ರೂಟರ್ ಹೇಳುತ್ತದೆ: "25 ಖಾಲಿ ಉಂಟು, ಬೇಕಾ?"

"ಅದನ್ನೇ ಕೊಡಿ."

"ಆಯ್ತು. ಇಷ್ಟು ಹೊತ್ತು ಅದು ನಿನ್ನದು."

ಯಾರೂ ಉತ್ತರ ಕೊಡದಿದ್ದರೆ? ವಿಂಡೋಸ್ ಕಂಪ್ಯೂಟರ್ ತಾನೇ ಒಂದು ನಂಬರ್ ಹಾಕಿಕೊಳ್ಳುತ್ತದೆ. ಅದು 169.254 ಎಂದು ಶುರುವಾಗುತ್ತದೆ. ಆ ನಂಬರಿನಿಂದ ಹೊರಗಿನ ನೆಟ್ ಸಿಗದು. ಹಾಗೆ ಕಂಡರೆ ವಯರ್ ಸಡಿಲವಾಗಿದೆಯೇ ನೋಡಿ, ರೂಟರನ್ನು ಒಮ್ಮೆ ಆರಿಸಿ ಹಾಕಬೇಕು. ಎಷ್ಟೋ ಸಲ ಅಷ್ಟಕ್ಕೇ ಸರಿಯಾಗುತ್ತದೆ. ಕೇಂದ್ರದವರಿಗೆ ನೀವೇ ಕೇಳಬಹುದು, ಸಂಕೋಚ ಬೇಡ.

"ಇಷ್ಟು ಹೊತ್ತು" ಎಂದಿತಲ್ಲ, ಅದಕ್ಕೂ ಅರ್ಥವಿದೆ. ಗ್ರಂಥಾಲಯದ ಪುಸ್ತಕದ ಹಾಗೆ ನಂಬರಿಗೂ ವಾಯಿದೆ ಉಂಟು. ಅರ್ಧ ವಾಯಿದೆ ಕಳೆದಾಗ ಕಂಪ್ಯೂಟರೇ ಕೇಳಿ ಮುಂದುವರಿಸಿಕೊಳ್ಳುತ್ತದೆ. ಎದ್ದು ಹೋದವರ ನಂಬರು ವಾಯಿದೆ ಮುಗಿದ ಮೇಲೆ ಬೇರೆಯವರಿಗೆ. ಚಿಕ್ಕ ರೂಟರಿನಲ್ಲಿ ಸಾಮಾನ್ಯವಾಗಿ 254ಕ್ಕಿಂತ ಹೆಚ್ಚು ನಂಬರ್ ಇರುವುದಿಲ್ಲ. ಬಂದವರ ಮೊಬೈಲಿಗೆಲ್ಲ ವೈಫೈ ಕೊಟ್ಟು, ವಾಯಿದೆಯನ್ನು ವಾರಗಟ್ಟಲೆ ಇಟ್ಟರೆ ಏನಾಗುತ್ತದೆ? ಮೊನ್ನೆ ಬಂದು ಹೋದವರು ನಂಬರು ಹಿಡಿದುಕೊಂಡಿರುತ್ತಾರೆ, ಇವತ್ತು ಬಂದವರಿಗೆ ಇಲ್ಲ. ಜನ ಬಂದು ಹೋಗುವ ಜಾಗಕ್ಕೆ ಒಂದೆರಡು ಗಂಟೆ ಸಾಕು.

ನೆಟ್ ನಿಧಾನ ಎಂದು ಕೆಲವರು ಇನ್ನೊಂದು ರೂಟರ್ ತಂದು ಅದೇ ವಯರಿಗೆ ಸಿಕ್ಕಿಸುತ್ತಾರೆ. ಆಗ ಒಂದೇ ಊರಿಗೆ ಇಬ್ಬರು ಶಾನುಭೋಗರು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಒಂದು ಕಂಪ್ಯೂಟರಿಗೆ ನೆಟ್ ಬರುತ್ತದೆ, ಪಕ್ಕದ್ದಕ್ಕೆ ಇಲ್ಲ. ಹೊಸ ರೂಟರಿನಲ್ಲಿ ನಂಬರ್ ಹಂಚುವುದನ್ನು ನಿಲ್ಲಿಸಿಯೇ ಸಿಕ್ಕಿಸಬೇಕು.