ಪಿಸ್ಟನ್ ವಾಲಿದ್ದೇಕೆ?

ಎಂಜಿನ್ ಬಿಚ್ಚಿದಾಗ ಹೊರಬರುವ ಹಳೆ ಪಿಸ್ಟನ್ ಹೆಚ್ಚಿನ ಗ್ಯಾರೇಜುಗಳಲ್ಲಿ ನೇರವಾಗಿ ಗುಜರಿ ಡಬ್ಬ ಸೇರುತ್ತದೆ. ನನಗೆ ಅದನ್ನು ಎಸೆಯಲು ಮನಸ್ಸು ಬರುವುದಿಲ್ಲ. ಒಳಗೆ ಏನಾಯಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಡಿಪ್ಲೊಮಾ ಮುಗಿಸಿದ್ದೇನೆ. ಕಂಪನಿಗಳಿಗೆ ಅರ್ಜಿ ಹಾಕುತ್ತಲೇ ತುಮಕೂರಿನ ಗ್ಯಾರೇಜೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಹಳ್ಳಿಯಿಂದ ದಿನಾ ಹಾಲು ತರುವ ಅಣ್ಣನೊಬ್ಬರ 100 ಸಿಸಿ ಬೈಕ್ ಅಲ್ಲಿಗೆ ಬಂತು. ಬೇರೆ ಕಡೆ ಎರಡು ಸಲ ಬೋರಿಂಗ್ ಮಾಡಿಸಿದ್ದರು. ಆದರೂ ಹೊಗೆ, ಟಕಟಕ ಸದ್ದು, ಕೊನೆಗೆ ಸೀಜ್. ‘ಲೇತಿನವರು ಬೋರ್ ಸೊಟ್ಟ ಹೊಡೆದಿದ್ದಾರೆ’ ಎಂದು ಮೆಕ್ಯಾನಿಕ್, ‘ಫಿಟ್ಟಿಂಗೇ ಸರಿಯಿಲ್ಲ’ ಎಂದು ಲೇತಿನವರು. ಎರಡೂ ಕಡೆ ದುಡ್ಡು ಕೊಟ್ಟವರು ಮಾತ್ರ ಇವರು.

ಬೋರಿಂಗ್ ಎಂದರೆ ಸವೆದ ಸಿಲಿಂಡರನ್ನು ತುಸು ದೊಡ್ಡದಾಗಿ ಕೊರೆದು, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕುವುದು. ಸಾಮಾನ್ಯವಾಗಿ 0.25, 0.50, 0.75, 1.00 ಮಿ.ಮೀ. ಇಷ್ಟೇ ಮೆಟ್ಟಿಲು. ಇವರ ಬ್ಲಾಕಿನಲ್ಲಿ ಆಗಲೇ ಎರಡು ಮುಗಿದಿದ್ದವು. ಕಾರಣ ಹುಡುಕದೆ ಕೊರೆಯುತ್ತಾ ಹೋದರೆ ಬ್ಲಾಕೇ ಕೈಬಿಡುತ್ತದೆ.

ಪಿಸ್ಟನ್ ಸಹಜವಾಗಿ ಸವೆಯುವುದು ಹಿಂದೆ ಮತ್ತು ಮುಂದೆ. ಪಿನ್ ತೂರುವ ಎಡ-ಬಲ ಬದಿಗಳಿಗೆ ಅಷ್ಟು ಉಜ್ಜಾಟ ಇರುವುದಿಲ್ಲ. ಇದರಲ್ಲಿ ಎಡಬದಿಯ ಮೇಲ್ತುದಿ, ರಿಂಗುಗಳಿಗಿಂತ ಮೇಲೆ, ಉಜ್ಜಿ ಹೊಳೆಯುತ್ತಿತ್ತು. ಬಲಬದಿಯ ಕೆಳತುದಿಯಲ್ಲಿ ಉಗುರಿಗೆ ಸಿಗುವಷ್ಟು ಗೀರು. ಪಿಸ್ಟನ್ ಎಡಕ್ಕೆ ವಾಲಿಕೊಂಡೇ ಓಡಾಡಿದೆ ಎಂದಾಯಿತು.

ವಾಲಿಸಿದ್ದು ಯಾರು? ಬೋರ್ ಗೇಜಿನಿಂದ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದೆ. ಗೀರು ಬಿಟ್ಟರೆ ಬೋರ್ ದುಂಡಗಿತ್ತು. ಆದರೆ ಆ ಗೇಜ್ ದುಂಡಗಿದೆಯೇ ಎಂದು ಹೇಳುತ್ತದೆಯೇ ಹೊರತು ನೆಟ್ಟಗಿದೆಯೇ ಎಂದು ಹೇಳುವುದಿಲ್ಲ. ಬ್ಲಾಕಿನ ತಳಕ್ಕೆ ಅಂಟಿದ್ದ ಹಳೆ ಗ್ಯಾಸ್ಕೆಟ್ ಚೂರುಗಳನ್ನು ಕೆರೆದು, ಸಮದಪ್ಪದ ಎರಡು ಪಟ್ಟಿಗಳ ಮೇಲೆ ಕೂರಿಸಿ, ಒಳಗೋಡೆಗೆ ಮೂಲೆಮಟ್ಟ ಹಿಡಿದೆ. ನೆಟ್ಟಗಿತ್ತು. ಲೇತಿನವರ ಮೇಲಿನ ಅಪವಾದ ಅಲ್ಲಿಗೆ ಹೋಯಿತು.

ಉಳಿದದ್ದು ಕನೆಕ್ಟಿಂಗ್ ರಾಡ್. ಪಿಸ್ಟನ್ ಇಲ್ಲದೆ ಪಿನ್ನನ್ನಷ್ಟೇ ರಾಡಿನ ಮೇಲಿನ ಕಣ್ಣಿಗೆ ತೂರಿಸಿ, ಕ್ರ್ಯಾಂಕ್‌ಕೇಸಿನ ಬಾಯಿಯ ಎಡಬಲಕ್ಕೆ ಅದೇ ಪಟ್ಟಿಗಳನ್ನಿಟ್ಟು, ಕ್ರ್ಯಾಂಕ್ ತಿರುಗಿಸಿ ಪಿನ್ನನ್ನು ಮೆಲ್ಲಗೆ ಇಳಿಸಿದೆ. ಎಡತುದಿ ಪಟ್ಟಿಗೆ ತಾಗಿತು. ಬಲತುದಿಯ ಕೆಳಗೆ 0.15 ಮಿ.ಮೀ. ಫೀಲರ್ ಗೇಜ್ ಸರಾಗವಾಗಿ ನುಗ್ಗಿತು! ಪಿಸ್ಟನ್ನಿಗೂ ಗೋಡೆಗೂ ಇರಬೇಕಾದ ಸಂದು ಮಿಲಿಮೀಟರಿನ ನೂರರಲ್ಲಿ ಕೆಲವೇ ಭಾಗ ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಕ್ರ್ಯಾಂಕನ್ನು ಆ ಕಡೆಯಿಂದಲೂ ಈ ಕಡೆಯಿಂದಲೂ ತಂದು ನೋಡಿದೆ. ಎರಡು ಸಲವೂ ಒಂದೇ ಬದಿಗೆ ವಾಲಿದರೆ ರಾಡ್ ಬಾಗಿದೆ, ಬದಿ ಬದಲಾದರೆ ತಿರುಚಿದೆ. ಇದು ಬಾಗಿತ್ತು.

ಹಾಲಿನಣ್ಣನನ್ನು ವಿಚಾರಿಸಿದೆ. ಒಂದು ಮಳೆಗಾಲದಲ್ಲಿ ರೈಲ್ವೆ ಅಂಡರ್‌ಪಾಸಿನ ನೀರಿನಲ್ಲಿ ಬೈಕ್ ಓಡುತ್ತಿದ್ದಂತೆಯೇ ಗಕ್ಕನೆ ನಿಂತಿತ್ತಂತೆ. ತೊಂದರೆ ಶುರುವಾದದ್ದು ಅದಾದ ಮೇಲೆಯೇ. ಸಿಲಿಂಡರಿಗೆ ನುಗ್ಗಿದ ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ ಮೇಲೇಳಲಾಗದೆ ರಾಡ್ ಬಾಗುತ್ತದೆ. (ಅಂಟಿಕೊಂಡ ಪಿನ್ನನ್ನು ಆನಿಕೆ ಕೊಡದೆ ಸುತ್ತಿಗೆಯಿಂದ ಹೊಡೆದು ತೆಗೆದರೂ ಬಾಗಬಹುದು. ಅದಕ್ಕೆಂದೇ ಪುಲ್ಲರ್ ಸಿಗುತ್ತದೆ, ಬಳಸುವವರು ಕಡಿಮೆ.)

ಇಷ್ಟಕ್ಕೆ ಅರ್ಧ ದಿನ ಹಿಡಿಯಿತು. ನಮ್ಮಲ್ಲಿ ಬಿಚ್ಚುವುದಕ್ಕೆ, ಜೋಡಿಸುವುದಕ್ಕೆ ಕೂಲಿ ಇದೆ, ಅಳೆಯುವುದಕ್ಕೆ ಇಲ್ಲ. ಕಾರಣ ಗೊತ್ತಾಗದೆಯೇ ಪಿಸ್ಟನ್ ಬದಲಾಗುತ್ತಿರುವುದು ಬಹುಶಃ ಇದರಿಂದಲೇ.

ಇಂಥ ಬೈಕುಗಳ ರಾಡನ್ನು ಕಾರಿನದರಂತೆ ಬೋಲ್ಟ್ ಬಿಚ್ಚಿ ತೆಗೆಯಲಾಗದು. ಎಂಜಿನ್ ಪೂರ್ತಿ ಬಿಚ್ಚಿ, ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬೇರ್ಪಡಿಸಿ ಹೊಸ ರಾಡ್ ಕಿಟ್ ಕೂರಿಸಿದೆವು. ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಓಲಾಡದಂತೆ ಸರಿಪಡಿಸಿದ್ದು ನಮ್ಮ ಓನರ್. ಬೋರ್ 0.75ಕ್ಕೆ ಹೋಯಿತು, ಅದೇ ಲೇತಿನಲ್ಲಿ. ರಿಂಗ್ ಹಾಕದೆ ಪಿಸ್ಟನ್ ಕೂರಿಸಿ ಕ್ರ್ಯಾಂಕ್ ತಿರುಗಿಸಿದಾಗ ಎಡಬಲದ ಸಂದು ಒಂದೇ ಸಮ ಇತ್ತು. ಮೊದಲ 500 ಕಿ.ಮೀ. ನಿಧಾನವಾಗಿ ಓಡಿಸಿ ಎಂದೆ. ‘ಕ್ಯಾನು ಎರಡೂ ಕಟ್ಟಬಹುದಾ?’ ಎಂದರು ಹಾಲಿನಣ್ಣ. ಸದ್ಯಕ್ಕೆ ಒಂದೇ ಸಾಕು ಎಂದೆ.