ವೇಗಕ್ಕೆ ಮುನ್ನ ಸಾಧನೆ: ಹವ್ಯಾಸಿ ಸೈಕಲ್ ಸ್ಪರ್ಧೆಗೆ ದೇಹದ ಸಿದ್ಧತೆ

ಶರಣರು ಕಾಯಕವನ್ನು ಪೂಜೆಗೆ ಸಮನಾಗಿ ಕಂಡರು. ಕಾಯಕ ನಡೆಯಬೇಕಾದರೆ ಕಾಯವು ಸುಸ್ಥಿತಿಯಲ್ಲಿರಬೇಕು ಎಂಬುದು ಆ ತತ್ತ್ವದೊಳಗೇ ಅಡಗಿರುವ ಸತ್ಯ. ಶರೀರವನ್ನು ಸುಸ್ಥಿತಿಯಲ್ಲಿಡಲು ಇಂದು ಅನೇಕರು ಮತ್ತೆ ಸೈಕಲ್ಲನ್ನು ಆಶ್ರಯಿಸುತ್ತಿರುವುದು ಸಂತೋಷದ ಸಂಗತಿ. ಹೀಗೆ ಆರೋಗ್ಯಕ್ಕಾಗಿ ಆರಂಭಿಸಿದವರಲ್ಲಿ ಕೆಲವರಿಗೆ ಕ್ರಮೇಣ ಸ್ಪರ್ಧೆಯ ಆಸೆ ಮೂಡುತ್ತದೆ. ಆಸೆ ತಪ್ಪಲ್ಲ, ಸಿದ್ಧತೆಯಿಲ್ಲದ ಆಸೆ ಮಾತ್ರ ಅಪಾಯಕರ.

ಕುಂದಾಪುರದ ಸಮೀಪದ ತಲ್ಲೂರಿನಲ್ಲಿ ನಲವತ್ತು ವರ್ಷದ ಗೃಹಸ್ಥರೊಬ್ಬರು ಇದ್ದಾರೆಂದು ಭಾವಿಸೋಣ. ಪ್ರತಿದಿನ ಪ್ರಾತಃಕಾಲ ಹೆಮ್ಮಾಡಿ, ತ್ರಾಸಿಗಳನ್ನು ದಾಟಿ ಮರವಂತೆಯ ಕಡಲತೀರದವರೆಗೆ ಸೈಕಲ್ ತುಳಿದು ಮರಳುತ್ತಾರೆ. ಗಂಟೆಗೆ 20 ಕಿ.ಮೀ. ವೇಗ ಅವರಿಗೆ ಸಲೀಸು. ಮುಂದಿನ ತಿಂಗಳು ಸ್ಪರ್ಧೆಯೊಂದಿದೆ ಎಂದು ಕೇಳಿ, ನಾಳೆಯಿಂದಲೇ 30ರ ವೇಗದಲ್ಲಿ ತುಳಿಯಲು ಸಂಕಲ್ಪಿಸುತ್ತಾರೆ. ಇದು ಸಾಧ್ಯವೇ? ಇದು ಹಿತವೇ?

ವೇಗದ ಲೆಕ್ಕ

ಸಮತಟ್ಟಾದ ರಸ್ತೆಯಲ್ಲಿ ಹೊಸ ಸವಾರರ ಸರಾಸರಿ ವೇಗ ಗಂಟೆಗೆ ಸುಮಾರು 18ರಿಂದ 22 ಕಿ.ಮೀ. ಒಂದೆರಡು ವರ್ಷ ಕ್ರಮವಾಗಿ ಅಭ್ಯಾಸ ಮಾಡಿದ ಹವ್ಯಾಸಿಯು ಒಂಟಿಯಾಗಿ 28ರಿಂದ 32ರ ವೇಗವನ್ನು ಒಂದು ಗಂಟೆ ಕಾಯ್ದುಕೊಳ್ಳಬಲ್ಲನು. ಸ್ಪರ್ಧೆಯ ಗುಂಪು 35ರಿಂದ 40ರ ವೇಗದಲ್ಲಿ ಸಾಗುವುದುಂಟು. ಕೊಲ್ಲೂರು ಘಾಟಿಯಂತಹ ಏರಿನಲ್ಲಿ ಅದೇ ಸವಾರನ ವೇಗ 10–15ಕ್ಕೆ ಇಳಿಯುತ್ತದೆ. ಹೋಲಿಕೆಗಾಗಿ ಹೇಳುವುದಾದರೆ, ಇಟಲಿಯ ಫಿಲಿಪ್ಪೋ ಗನ್ನಾ 2022ರ ಅಕ್ಟೋಬರ್‌ನಲ್ಲಿ ಒಳಾಂಗಣ ಪಥದಲ್ಲಿ ಒಂದು ಗಂಟೆಗೆ 56.792 ಕಿ.ಮೀ. ಕ್ರಮಿಸಿ ವಿಶ್ವದಾಖಲೆ ಬರೆದರು.

20ರಿಂದ 30ಕ್ಕೆ ಏರುವುದೆಂದರೆ ಶ್ರಮವು ಒಂದೂವರೆ ಪಟ್ಟು ಹೆಚ್ಚುವುದೆಂದು ತೋರಬಹುದು. ವಾಸ್ತವ ಬೇರೆ. ಸಮತಟ್ಟಿನಲ್ಲಿ ಸವಾರನ ಮುಖ್ಯ ಎದುರಾಳಿ ಗಾಳಿ. ಅದನ್ನು ಸೀಳಲು ಬೇಕಾಗುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ವೇಗ ಒಂದೂವರೆ ಪಟ್ಟಾದಾಗ ಗಾಳಿಗೆ ತೆರಬೇಕಾದ ಶಕ್ತಿ ಮೂರು ಪಟ್ಟಿಗೂ ಮಿಗಿಲಾಗುತ್ತದೆ. ಗುಂಪಿನಲ್ಲಿ ಮತ್ತೊಬ್ಬನ ಹಿಂದೆ ಸಾಗುವವನಿಗೆ ಈ ಹೊರೆ ಗಣನೀಯವಾಗಿ ತಗ್ಗುತ್ತದೆ. ಗುಂಪಿನ ವೇಗವನ್ನು ಕಂಡು ಒಂಟಿಯಾಗಿ ಅದನ್ನು ಸಾಧಿಸಲು ಹೊರಡುವುದು ಅವಿವೇಕವಾಗುವುದು ಈ ಕಾರಣದಿಂದಲೇ.

ಉತ್ತರದ ಜಿಲ್ಲೆಗಳ ಪಾಠ

ಕರ್ನಾಟಕದಲ್ಲಿ ಸೈಕಲ್ ಸ್ಪರ್ಧೆಯ ತವರೆಂದರೆ ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳು. ಅಲ್ಲಿನ ಕ್ರೀಡಾನಿಲಯಗಳಲ್ಲಿ ಬೆಳೆದ ರೈತಾಪಿ ಕುಟುಂಬಗಳ ಮಕ್ಕಳು ರಾಷ್ಟ್ರಮಟ್ಟದಲ್ಲಿ ಪದಕಗಳನ್ನು ಗಳಿಸಿದ್ದಾರೆ. ಅವರ ಬಲವು ಒಂದು ದಿನದ ಆವೇಶದಿಂದ ಬಂದುದಲ್ಲ. ವರ್ಷಗಳ ನಿತ್ಯಾಭ್ಯಾಸದಿಂದ ಬಂದುದು. ಉದ್ಯೋಗ, ಸಂಸಾರಗಳ ನಡುವೆ ಸಮಯ ಹೊಂದಿಸುವ ಹವ್ಯಾಸಿಗೆ ಅಷ್ಟು ಅವಕಾಶವಿಲ್ಲ. ಆದರೂ ವಾರಕ್ಕೆ ಆರರಿಂದ ಎಂಟು ಗಂಟೆಗಳನ್ನು ಮೀಸಲಿಟ್ಟರೆ, ಈಗಾಗಲೇ ತುಳಿಯುವ ರೂಢಿಯಿರುವವರು ಮೂರು ತಿಂಗಳಲ್ಲಿ ಸಣ್ಣ ಸ್ಪರ್ಧೆಯೊಂದನ್ನು ಸುರಕ್ಷಿತವಾಗಿ ಪೂರೈಸಲು ಸಿದ್ಧರಾಗಬಹುದು.

ಹನ್ನೆರಡು ವಾರಗಳ ಕ್ರಮ

ಮೊದಲ ನಾಲ್ಕು ವಾರ: ವಾರದಲ್ಲಿ ಮೂರು ದಿನ ಒಂದೊಂದು ಗಂಟೆ, ಭಾನುವಾರ ಎರಡು ಗಂಟೆ. ಪಕ್ಕದವರೊಡನೆ ಪೂರ್ಣ ವಾಕ್ಯಗಳಲ್ಲಿ ಮಾತನಾಡಬಲ್ಲಷ್ಟು ನಿಧಾನವಾಗಿ ತುಳಿಯಬೇಕು. ಹೃದಯದ ಬಲವೂ ಸ್ನಾಯುಗಳ ಸಹಿಷ್ಣುತೆಯೂ ಬೆಳೆಯುವುದು ಈ ನಿಧಾನದಲ್ಲಿಯೇ.

ಐದರಿಂದ ಎಂಟನೆಯ ವಾರ: ಭಾನುವಾರದ ದೂರವನ್ನು ಕ್ರಮೇಣ 60 ಕಿ.ಮೀ.ಗೆ ಏರಿಸಬೇಕು. ತಲ್ಲೂರಿನಿಂದ ಬೈಂದೂರಿಗೆ ಹೋಗಿಬಂದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. ವಾರಕ್ಕೊಮ್ಮೆ ಎಂಟು ನಿಮಿಷಗಳ ಬಿರುಸಿನ ಸವಾರಿ, ನಡುವೆ ಐದು ನಿಮಿಷ ನಿಧಾನ. ಹೀಗೆ ಮೂರು ಆವೃತ್ತಿ.

ಒಂಬತ್ತರಿಂದ ಹನ್ನೊಂದನೆಯ ವಾರ: ಬಿರುಸಿನ ಅಭ್ಯಾಸ ವಾರಕ್ಕೆ ಎರಡು ದಿನ, ಅವುಗಳ ನಡುವೆ ಕನಿಷ್ಠ ಒಂದು ದಿನದ ಬಿಡುವು. ಅನುಭವಿಗಳೊಡನೆ ಗುಂಪಿನಲ್ಲಿ ಸಾಗುವುದನ್ನು ಕಲಿಯಬೇಕು.

ಹನ್ನೆರಡನೆಯ ವಾರ: ಅಭ್ಯಾಸವನ್ನು ಅರ್ಧಕ್ಕೆ ಇಳಿಸಿ ವಿಶ್ರಮಿಸಬೇಕು. ಬಲ ಕೂಡುವುದು ತುಳಿಯುವಾಗಲ್ಲ, ವಿಶ್ರಾಂತಿಯಲ್ಲಿ.

ಪೆಡಲು ನಿಮಿಷಕ್ಕೆ 80ರಿಂದ 90 ಸುತ್ತು ತಿರುಗಿದರೆ ಮೊಣಕಾಲಿಗೆ ಹೊರೆ ಕಡಿಮೆ. ಪೆಡಲು ತೀರ ಕೆಳಗಿರುವಾಗ ಹಿಮ್ಮಡಿಯನ್ನಿಟ್ಟರೆ ಕಾಲು ನೇರವಾಗುವಷ್ಟು ಎತ್ತರಕ್ಕೆ ಸೀಟನ್ನು ಹೊಂದಿಸಿಕೊಳ್ಳಬೇಕು.

ಹೃದಯದ ಎಚ್ಚರ

ನಲವತ್ತು ದಾಟಿದವರು, ರಕ್ತದೊತ್ತಡ ಅಥವಾ ಮಧುಮೇಹ ಉಳ್ಳವರು, ಮನೆತನದಲ್ಲಿ ಹೃದ್ರೋಗದ ಹಿನ್ನೆಲೆಯಿರುವವರು ವೈದ್ಯರ ತಪಾಸಣೆಯಿಲ್ಲದೆ ಬಿರುಸಿನ ಅಭ್ಯಾಸಕ್ಕೆ ಇಳಿಯಲೇಬಾರದು. 220ರಿಂದ ವಯಸ್ಸನ್ನು ಕಳೆದರೆ ಹೃದಯ ಬಡಿತದ ಗರಿಷ್ಠ ಮಿತಿಯ ಸ್ಥೂಲ ಅಂದಾಜು ದೊರೆಯುತ್ತದೆ. ನಲವತ್ತರವರಿಗೆ ಅದು 180; ಅವರ ನಿಧಾನ ಸವಾರಿ 120–135ರ ಆಸುಪಾಸಿನಲ್ಲಿರಲಿ. ಬೆಳಿಗ್ಗೆ ಎದ್ದೊಡನೆ ನಾಡಿಯನ್ನು ಎಣಿಸುವ ರೂಢಿ ಒಳ್ಳೆಯದು. ಎಂದಿಗಿಂತ ಎಂಟು–ಹತ್ತು ಬಡಿತ ಹೆಚ್ಚಿದ್ದರೆ ಅಂದು ವಿಶ್ರಾಂತಿ. ಜ್ವರವಿದ್ದಾಗ ಸೈಕಲ್ ಬೇಡ. ಎದೆ ಬಿಗಿತ, ತೋಳು ಅಥವಾ ದವಡೆಯ ನೋವು, ತಲೆಸುತ್ತು ಕಂಡರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ತೆರಳಬೇಕು. ಸ್ಪರ್ಧೆ ಮುಗಿಯಲಿ ಎಂದು ಕಾಯಬಾರದು.

ನೀರು, ಆಹಾರ, ರಸ್ತೆ

ಕರಾವಳಿಯ ಆರ್ದ್ರ ಹವೆಯಲ್ಲಿ ಬೆವರು ಬೇಗ ಆರುವುದಿಲ್ಲ, ದೇಹ ತಣಿಯುವುದಿಲ್ಲ. ಬಿಸಿಲೇರುವ ಮುನ್ನ ಅಭ್ಯಾಸ ಮುಗಿಸುವುದು ಲೇಸು. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರನ್ನು ಗುಟುಕು ಗುಟುಕಾಗಿ ಕುಡಿಯಬೇಕು. ನಿಂಬೆ, ಬೆಲ್ಲ, ಚಿಟಿಕೆ ಉಪ್ಪು ಬೆರೆಸಿದ ಪಾನಕ ಉತ್ತಮ. ಸವಾರಿ ಒಂದೂವರೆ ಗಂಟೆ ಮೀರಿದರೆ ಬಾಳೆಹಣ್ಣು ಜೊತೆಗಿರಲಿ. ಮರಳಿದ ಮೇಲೆ ಗಂಜಿ ಅಥವಾ ರೊಟ್ಟಿ, ಮೊಳಕೆ ಬಂದ ಹೆಸರುಕಾಳು, ಶೇಂಗಾ, ಮಜ್ಜಿಗೆ ಸಾಕು. ಸಸ್ಯಾಹಾರಿಯ ಬಲವರ್ಧನೆಗೆ ದುಬಾರಿ ಪುಡಿಗಳು ಅನಿವಾರ್ಯವಲ್ಲ.

ರಾಷ್ಟ್ರೀಯ ಹೆದ್ದಾರಿ 66 ಸ್ಪರ್ಧಾಕಣವಲ್ಲ. ಶಿರಸ್ತ್ರಾಣ, ಹಿಂಬದಿಯ ಕೆಂಪು ದೀಪ ಇಲ್ಲದೆ ಹೊರಡಬಾರದು. ಬಿರುಸಿನ ಅಭ್ಯಾಸಕ್ಕೆ ವಾಹನ ವಿರಳವಾದ ಒಳದಾರಿಗಳನ್ನೇ ಆರಿಸಿಕೊಳ್ಳಬೇಕು. ಮಳೆಗಾಲದಲ್ಲಿ ವೇಗದ ಅಭ್ಯಾಸವನ್ನು ಕೈಬಿಡುವುದೇ ಕ್ಷೇಮ.

ತಲ್ಲೂರಿನ ಆ ಗೃಹಸ್ಥರಿಗೆ ನಮ್ಮ ಉತ್ತರವಿಷ್ಟೆ: ಮುಂದಿನ ತಿಂಗಳ ಸ್ಪರ್ಧೆಯನ್ನು ನೋಡಿ ಬನ್ನಿ, ಅದರ ನಂತರದ ಸ್ಪರ್ಧೆಗೆ ಸಿದ್ಧರಾಗಿ. ಮನೆಯಲ್ಲಿ ನಿಮ್ಮನ್ನು ನಂಬಿದವರಿದ್ದಾರೆ. ವೇಗವು ಸಾಧನೆಯ ಫಲ. ಸಾಧನೆಗೆ ಮುನ್ನ ಫಲವನ್ನು ಬಯಸಿದರೆ ಅದರ ಬೆಲೆಯನ್ನು ಕಾಯವೇ ತೆರಬೇಕಾಗುತ್ತದೆ.