ಕಡಲಿನ ಬೀಜದ ಮುಡಿ

ನಮ್ಮ ಕರಾವಳಿಯ ಒಕ್ಕಲು ಮನೆಗಳಲ್ಲಿ ಬಿತ್ತನೆಯ ಭತ್ತವನ್ನು ಬೈಹುಲ್ಲಿನ ಮುಡಿ ಕಟ್ಟಿ ಇಡುತ್ತಿದ್ದ ಪದ್ಧತಿಯನ್ನು ಹಿರಿಯರೆಲ್ಲರೂ ಬಲ್ಲರು. ಮನೆಯಲ್ಲಿ ಅಕ್ಕಿ ತೀರಿ ಗಂಜಿಗೆ ತತ್ವಾರವಾದರೂ ಆ ಮುಡಿಗೆ ಯಾರೂ ಕೈ ಹಾಕುತ್ತಿರಲಿಲ್ಲ. ಬೀಜವನ್ನು ಕುಟ್ಟಿ ಉಂಡವನಿಗೆ ಗದ್ದೆಯಿದ್ದರೂ ಬೆಳೆಯಿಲ್ಲವಷ್ಟೆ! ಆದರೆ ಕಡಲಿನ ವಿಷಯದಲ್ಲಿ ಈ ವಿವೇಕ ಸುಲಭವಾಗಿ ಒದಗುವುದಿಲ್ಲ. ಗದ್ದೆಗೆ ಒಡೆಯನುಂಟು, ಕಡಲಿಗೆ ಇಲ್ಲ. ‘ಇಂದು ನಾನು ಹಿಡಿಯದೆ ಬಿಟ್ಟ ಮೀನನ್ನು ನಾಳೆ ಇನ್ನೊಬ್ಬನು ಹಿಡಿದಾನು’ ಎಂಬ ಎಣಿಕೆಯಿಂದ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳುತ್ತಾರೆ. ಹಾಗಾದರೆ ಕಡಲಿನ ಬೀಜದ ಮುಡಿಯನ್ನು ಕಾಯುವವರು ಯಾರು? ಫಿಲಿಪ್ಪೀನ್ಸ್ ದೇಶದ ಎರಡು ಪುಟ್ಟ ದ್ವೀಪಗಳ ವೃತ್ತಾಂತವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆಯಾದುದರಿಂದ ಅದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ಫಿಲಿಪ್ಪೀನ್ಸ್ ಏಳು ಸಾವಿರಕ್ಕೂ ಮಿಕ್ಕಿದ ದ್ವೀಪಗಳ ದೇಶ. ಅಲ್ಲಿನ ಬೆಚ್ಚನೆಯ, ತಿಳಿಯಾದ, ಆಳವಿಲ್ಲದ ನೀರಿನಲ್ಲಿ ಹವಳದ ದಿಬ್ಬಗಳು ಬೆಳೆದಿವೆ. ಹವಳವು ಕಲ್ಲಿನಂತೆ ಕಂಡರೂ ಅದನ್ನು ಕಟ್ಟಿದುದು ಅತಿ ಸಣ್ಣ ಪ್ರಾಣಿಗಳ ಸಮೂಹ. ಅವು ಸಮುದ್ರದ ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟುತ್ತವೆ. ತಲೆಮಾರುಗಳ ಗೂಡುಗಳು ಒಂದರ ಮೇಲೊಂದು ಸೇರಿ ದಿಬ್ಬವಾಗುತ್ತದೆ. ಆ ದಿಬ್ಬದ ಸಂದುಗೊಂದುಗಳೇ ಮೀನುಗಳಿಗೆ ಮನೆ, ಮರಿಗಳಿಗೆ ತೊಟ್ಟಿಲು. ದ್ವೀಪದ ದಡಕ್ಕೂ ಅದೇ ಕೋಟೆ. ದೊಡ್ಡ ಅಲೆಗಳು ಮೊದಲು ದಿಬ್ಬಕ್ಕೆ ಬಡಿದು ಬಲಗುಂದುವುದರಿಂದ ದಡದ ಮರಳು ಅಷ್ಟು ಬೇಗನೆ ಕೊಚ್ಚಿ ಹೋಗುವುದಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿ ಸಿಡಿಮದ್ದು ಎಸೆದು ಮೀನು ಹಿಡಿಯುವ ಕೆಟ್ಟ ರೂಢಿ ಹರಡಿತು. ಒಂದು ಸಿಡಿತಕ್ಕೆ ಬುಟ್ಟಿ ತುಂಬ ಮೀನು ಸತ್ತು ತೇಲುತ್ತಿತ್ತು. ಅದರೊಡನೆ ಅನೇಕ ವರ್ಷಗಳಲ್ಲಿ ಬೆಳೆದ ಹವಳವೂ ಪುಡಿಯಾಗುತ್ತಿತ್ತು. ಸಯನೈಡ್ ಎಂಬ ವಿಷವನ್ನು ಬಳಸಿದವರುಂಟು. ಹಗ್ಗಕ್ಕೆ ಕಟ್ಟಿದ ಕಲ್ಲುಗಳಿಂದ ದಿಬ್ಬವನ್ನು ಕುಟ್ಟಿ, ಬೆದರಿದ ಮೀನುಗಳನ್ನು ಬಲೆಗೆ ಅಟ್ಟುವ ‘ಮುರೊ-ಆಮಿ’ ಎಂಬ ವಿಧಾನವೂ ಇತ್ತು. ಮನೆ ಮುರಿದ ಮೇಲೆ ಮೀನು ಉಳಿದೀತೇ? ನೀಗ್ರೋಸ್ ಎಂಬ ದೊಡ್ಡ ದ್ವೀಪದ ಬಳಿಯಿರುವ ಆಪೋ ದ್ವೀಪದ ಬೆಸ್ತರು ಮೀನಿಗಾಗಿ ತಮ್ಮ ದಡವನ್ನು ಬಿಟ್ಟು ಬಹುದೂರ ದೋಣಿ ನಡೆಸಬೇಕಾದ ಕಾಲ ಬಂದಿತು.

ನೀಗ್ರೋಸಿನ ಸಿಲ್ಲಿಮನ್ ವಿಶ್ವವಿದ್ಯಾಲಯದಲ್ಲಿ ಏಂಜೆಲ್ ಅಲ್ಕಾಲಾ ಎಂಬ ಜೀವವಿಜ್ಞಾನಿಗಳಿದ್ದರು. ಅವರ ಪ್ರಯತ್ನದಿಂದ 1974ರಲ್ಲಿ ಸುಮಿಲೋನ್ ದ್ವೀಪದ ಹವಳದ ದಿಬ್ಬದ ಸುಮಾರು ಕಾಲು ಭಾಗವನ್ನು ಮೀನು ಹಿಡಿಯಬಾರದ ರಕ್ಷಿತ ಸ್ಥಳವೆಂದು ಸಾರಲಾಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ಮೀನು ತುಂಬಿತು. ಹೊರಗೆ ಬಲೆ ಬೀಸುವವರಿಗೂ ಒಳ್ಳೆಯ ಪಾಲು ದೊರೆಯಿತು. ಆದರೆ ಆ ಕಟ್ಟಳೆಯ ಬೇರು ಜನರ ಮನಸ್ಸಿನಲ್ಲಿ ಇಳಿದಿರಲಿಲ್ಲ. ಸ್ಥಳೀಯ ಆಡಳಿತದ ಬೆಂಬಲ ತಪ್ಪಿದೊಡನೆ, 1984ರಲ್ಲಿ, ರಕ್ಷಿತ ಸ್ಥಳಕ್ಕೆ ಬಲೆಗಳೂ ಸಿಡಿಮದ್ದೂ ನುಗ್ಗಿದುವು. ಫಲವೇನಾಯಿತು? ಬಲೆ ಬೀಸುವ ಜಾಗ ಹೆಚ್ಚಿತು. ಎರಡು ವರ್ಷ ತುಂಬುವುದರೊಳಗೆ ದೊರೆಯುವ ಒಟ್ಟು ಮೀನು ಮಾತ್ರ ಸುಮಾರು ಅರ್ಧಕ್ಕೆ ಇಳಿಯಿತು. ಬೀಜದ ಮುಡಿ ಬಿಚ್ಚಿ ಉಂಡ ಲೆಕ್ಕವಿದು.

ಆಪೋ ದ್ವೀಪದಲ್ಲಿ ಕಾರ್ಯ ಬೇರೆ ಬಗೆಯಾಗಿ ನಡೆಯಿತು. ವಿಶ್ವವಿದ್ಯಾಲಯದವರು ಆಜ್ಞೆಯನ್ನು ಒಯ್ಯಲಿಲ್ಲ. 1979ರಿಂದ ದ್ವೀಪಕ್ಕೆ ಹೋಗಿ ಬೆಸ್ತರೊಡನೆ ಕುಳಿತು ಮಾತಾಡಿದರು; ಸುಮಿಲೋನಿನ ರಕ್ಷಿತ ಸ್ಥಳ ಚೆನ್ನಾಗಿದ್ದ ಆ ದಿನಗಳಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ದು ಮೀನಿನ ಸಮೃದ್ಧಿಯನ್ನು ಕಣ್ಣಾರೆ ತೋರಿಸಿದರು. ಆದರೂ ಎಲ್ಲರೂ ಒಪ್ಪಲಿಲ್ಲ. ಅಂದಂದಿನ ಮೀನಿನಿಂದಲೇ ಅಂದಂದಿನ ಊಟವೆಂದಿರುವ ಸಂಸಾರಕ್ಕೆ ಸ್ವಲ್ಪ ಜಾಗವನ್ನು ಬಿಟ್ಟುಕೊಡುವುದೂ ಸಣ್ಣ ತ್ಯಾಗವಲ್ಲ. ಕೊನೆಗೆ 1982ರಲ್ಲಿ 14 ಕುಟುಂಬಗಳು ಮಾತ್ರ ಮುಂದೆ ಬಂದು, ದಡದ ಉದ್ದಕ್ಕೆ ಸುಮಾರು 450 ಮೀಟರ್ ಸ್ಥಳವನ್ನು ಬಿಟ್ಟು ಬಿಡಲು ನಿಶ್ಚಯಿಸಿದುವು. ಆ ಮನೆಯವರೇ ದಡದಲ್ಲಿ ಕುಳಿತು ಕಾವಲು ಕಾದರು. ಮೀನು ಹೆಚ್ಚುತ್ತ ಬಂದುದನ್ನು ಕಂಡ ಮೇಲೆ ಉಳಿದ ಮನೆಗಳೂ ಸೇರಿದುವು. 1985ರಲ್ಲಿ ಆ ಏರ್ಪಾಡಿಗೆ ಪುರಾಡಳಿತದ ಕಾನೂನಿನ ಬಲವೂ ದೊರಕಿತು. ಸಿಡಿಮದ್ದು, ವಿಷ, ಮುರೊ-ಆಮಿಗಳನ್ನು ದ್ವೀಪದ ಸುತ್ತಲೂ ನಿಷೇಧಿಸಿ, ಗಾಳ, ಬುಟ್ಟಿಬೋನುಗಳಂತಹ ಹಾನಿ ಮಾಡದ ಸಾಧನಗಳನ್ನು ಮಾತ್ರ ಉಳಿಸಿಕೊಂಡರು.

ಇಷ್ಟು ಸಣ್ಣ ಜಾಗವನ್ನು ಬಿಟ್ಟರೆ ಕಡಲು ತುಂಬುವುದು ಹೇಗೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಮೀನು ಉದ್ದದಲ್ಲಿ ಇಮ್ಮಡಿಯಾದರೆ ತೂಕದಲ್ಲಿ ಸುಮಾರು ಎಂಟು ಮಡಿಯಾಗುತ್ತದೆ. ಉದ್ದ, ಅಗಲ, ದಪ್ಪ ಮೂರೂ ಹೆಚ್ಚುವುದರಿಂದ ಹೀಗಾಗುತ್ತದೆಂದು ಗಣಿತ ಬಲ್ಲ ಮಕ್ಕಳಿಗೆ ತಿಳಿದೀತು. ಮೈ ದೊಡ್ಡದಾದಷ್ಟೂ ಮೊಟ್ಟೆಗಳೂ ಅಧಿಕ. ಆದುದರಿಂದ ವಯಸ್ಸಾದ ಒಂದು ದೊಡ್ಡ ತಾಯಿಮೀನು ಅನೇಕ ಸಣ್ಣ ಮೀನುಗಳಿಗೆ ಸಮ. ಬಲೆಯ ಭಯವಿಲ್ಲದ ಸ್ಥಳದಲ್ಲಿ ಮಾತ್ರ ಅಂತಹ ತಾಯಂದಿರು ಉಳಿಯುತ್ತವೆ. ಅವುಗಳ ಮೊಟ್ಟೆ ಮರಿಗಳು ನೀರಿನ ಸೆಳೆತದೊಡನೆ ದೂರಕ್ಕೆ ಸಾಗುತ್ತವೆ. ಒಳಗೆ ಇಕ್ಕಟ್ಟಾದಾಗ ಬೆಳೆದ ಮೀನುಗಳೂ ಎಲ್ಲೆ ದಾಟಿ ಹೊರಗೆ ಬರುತ್ತವೆ.

ಇದು ಬರಿಯ ಊಹೆಯಲ್ಲ. ಆಪೋ ಬೆಸ್ತರ ಬುಟ್ಟಿಯಲ್ಲಿ ಹೆಚ್ಚಾಗಿ ಕಾಣುವ ಎರಡು ಮೀನಿನ ಕುಲಗಳನ್ನು 1983ರಿಂದ 2001ರವರೆಗೆ ವಿಜ್ಞಾನಿಗಳು ಲೆಕ್ಕವಿಟ್ಟು ನೋಡಿದರು. ರಕ್ಷಿತ ಸ್ಥಳದೊಳಗೆ ಅವುಗಳ ಒಟ್ಟು ತೂಕ ಮೂರು ಮಡಿಯಾಗಿತ್ತು. ಹೊರಗೂ, ಎಲ್ಲೆಗೆ ಸಮೀಪವಾದಷ್ಟೂ, ಮೀನು ಹೆಚ್ಚಿತ್ತು. ದಡದ ಬಳಿ ಮೇಯುವ ಹಸಿರು ಕಡಲಾಮೆಗಳನ್ನೂ ಹವಳವನ್ನೂ ನೋಡಲು ಪ್ರವಾಸಿಗಳು ಬರತೊಡಗಿ, ಅವರು ತೆರುವ ಶುಲ್ಕದಿಂದ ದ್ವೀಪಕ್ಕೆ ಆದಾಯವೂ ಆಯಿತು. ಅಲ್ಕಾಲಾ ಅವರಿಗೆ 1992ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. ಅವರು 2023ರಲ್ಲಿ ತೀರಿಕೊಂಡರು. ಊರವರೇ ಕಾಯುವ ಇಂತಹ ರಕ್ಷಿತ ಸ್ಥಳಗಳ ಪದ್ಧತಿ ಆ ದೇಶದಲ್ಲೆಲ್ಲ ಹಬ್ಬಿ, ಕಡಲಿನ ರಕ್ಷಿತ ಸ್ಥಳಗಳ ಸಂಖ್ಯೆ ಸಾವಿರವನ್ನು ಮೀರಿದೆ.

ಹಾಗೆಂದು ಎಲ್ಲವೂ ಸುಗಮವಾಯಿತೆಂದು ಭಾವಿಸಬಾರದು. 2011ರ ಮತ್ತು 2012ರ ಡಿಸೆಂಬರ್ ತಿಂಗಳುಗಳಲ್ಲಿ ಬೀಸಿದ ಎರಡು ಚಂಡಮಾರುತಗಳು ರಕ್ಷಿತ ಸ್ಥಳದ ಹವಳವನ್ನು ನುಚ್ಚುನೂರು ಮಾಡಿದುವು. ಮೂವತ್ತು ವರ್ಷ ಕಾದು ಬೆಳೆಸಿದ ತೋಟ ಹೀಗೆ ಬಯಲಾದುದನ್ನು ಕಂಡವರ ಮನಸ್ಸು ಹೇಗಾಗಿರಬೇಕು! ಆದರೂ ಅವರು ಕಾವಲು ಬಿಡಲಿಲ್ಲ. ಹವಳ ಚೇತರಿಸಿಕೊಳ್ಳಲೆಂದು ಆ ಸ್ಥಳವನ್ನು ಪ್ರವಾಸಿಗಳಿಗೂ ಮುಚ್ಚಿದರು. ಮನುಷ್ಯನು ಬಿರುಗಾಳಿಯನ್ನು ತಡೆಯಲಾರನು. ಗಾಯಗೊಂಡ ಕಡಲಿಗೆ ಮಾಯುವ ಅವಕಾಶವನ್ನು ಕೊಡಬಲ್ಲನು.

ಎರಡೂ ದ್ವೀಪಗಳಿಗೆ ಒಬ್ಬರೇ ವಿಜ್ಞಾನಿ, ಒಂದೇ ಬಗೆಯ ಕಟ್ಟಳೆ. ಒಂದೆಡೆ ಅದು ಹತ್ತು ವರ್ಷಕ್ಕೆ ಮುರಿಯಿತು, ಇನ್ನೊಂದೆಡೆ ದಶಕಗಳ ಕಾಲ ಬಾಳಿತು. ಅಂತರವಿದ್ದುದು ಕಾವಲಿನವರಲ್ಲಿ. ಮೇಲಿನವರು ಹಾಕಿದ ಬೇಲಿಯನ್ನು ಮೇಲಿನವರೇ ಕೀಳಬಲ್ಲರು. ಊರವರು ಒಪ್ಪಿ ಹಾಕಿದ ಬೇಲಿಯನ್ನು ಕೀಳಲು ಊರವರನ್ನೇ ಎದುರಿಸಬೇಕಾಗುತ್ತದೆ. ನಾವು ವಾಸಿಸುವ ಕೇರಳದಲ್ಲಿಯೂ 1988ರಿಂದ ಮಳೆಗಾಲದಲ್ಲಿ ಟ್ರಾಲಿಂಗ್ ನಿಷೇಧವಿದೆ. ಆಪೋ ದ್ವೀಪದವರು ಜಾಗವನ್ನು ಬಿಟ್ಟರು, ನಮ್ಮವರು ಕಾಲವನ್ನು ಬಿಡುತ್ತಾರೆ, ತತ್ತ್ವ ಒಂದೇ. ಆ ದಿನಗಳಲ್ಲಿ ಯಂತ್ರದೋಣಿಯ ಕೆಲಸವಿಲ್ಲದೆ ಮನೆಯಲ್ಲಿ ಕುಳಿತಿರುವ ತಂದೆಯ ಸಂಕಟವನ್ನು ನಮ್ಮ ಶಾಲೆಯ ಕೆಲವು ಮಕ್ಕಳು ಬಲ್ಲರು. ಆ ಬಿಡುವು ವ್ಯರ್ಥವಲ್ಲ, ನಾಳೆಯ ಮೀನಿಗಾಗಿ ಇಂದು ಕಟ್ಟಿಟ್ಟ ಗಂಟು ಎಂಬುದನ್ನು ಅವರು ಮನೆಯಲ್ಲಿ ತಿಳಿಸಿ ಹೇಳಲಿ; ಉಳಿದ ಮಕ್ಕಳು ಆ ಮನೆಗಳ ಕಷ್ಟವನ್ನು ಗೌರವದಿಂದ ಕಾಣಲಿ. ಹದಿನಾಲ್ಕು ಮನೆಗಳಿಂದ ಆದ ಕಾರ್ಯ ನಮ್ಮ ಊರುಗಳಿಗೆ ಅಸಾಧ್ಯವೆಂದು ನಾವು ನಂಬುವುದಿಲ್ಲ.